ಕಿಟಕಿಯ ಹಿಡಿ ಸವೆದದ್ದು ಯಾರ ಕೈಯಿಂದ?

ಮನೆಯಲ್ಲಿ ಏನಾದರೂ ಮುರಿದಾಗ ನಾವು ಮೊದಲು ಕೇಳುವುದು 'ಯಾರು ಮುರಿದರು?' ಎಂದು. ಗಾಜಿನ ಲೋಟ ಕೆಳಗೆ ಬಿದ್ದು ಒಡೆದರೆ ಈ ಪ್ರಶ್ನೆಗೆ ಒಂದು ಉತ್ತರವಾದರೂ ಇರುತ್ತದೆ. ಆದರೆ ಕಿಟಕಿಯ ಹಿಡಿ ಕಿತ್ತು ಕೈಗೆ ಬಂದಾಗಲೂ ನಾವು ಅದೇ ಪ್ರಶ್ನೆಯನ್ನು ಕೇಳುತ್ತೇವೆ. ಯಾರ ಕೈಯಲ್ಲಿ ಹಿಡಿ ಇದೆಯೋ ಅವರೇ ಅಪರಾಧಿ. ಹೆಚ್ಚಿನ ಮನೆಗಳಲ್ಲಿ ಅದು ಮಗುವಿನ ಕೈ, ಸೊಸೆಯ ಕೈ ಅಥವಾ ಕೆಲಸಕ್ಕೆ ಬರುವ ಹೆಂಗಸಿನ ಕೈ ಆಗಿರುತ್ತದೆ. ಬೆಳಿಗ್ಗೆ ಕಿಟಕಿ ತೆರೆಯುವ, ಸಂಜೆ ಸೊಳ್ಳೆ ಬರುವ ಮುನ್ನ ಮುಚ್ಚುವ ಕೆಲಸ ಅವರ ಪಾಲಿಗೆ ಬಂದಿರುತ್ತದೆ. ಆದ್ದರಿಂದ ಬೈಗುಳವೂ ಅವರ ಪಾಲಿಗೇ ಬರುತ್ತದೆ.

ಹಿಡಿ ಸವೆಯುವ ಬಗೆಯನ್ನು ಸ್ವಲ್ಪ ಗಮನಿಸಿದರೆ ಈ ತೀರ್ಪು ಎಷ್ಟು ಅವಸರದ್ದು ಎಂದು ತಿಳಿಯುತ್ತದೆ. ಕರಾವಳಿಯ ಮರದ ಕಿಟಕಿಯನ್ನೇ ತೆಗೆದುಕೊಳ್ಳೋಣ. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಕಿಟಕಿಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಆಗ ಇಡೀ ಬಲವನ್ನು ಹಿಡಿಯ ಮೇಲೆಯೇ ಹಾಕಿ ಎಳೆಯಬೇಕು. ಬೇಸಿಗೆಯಲ್ಲಿ ಅದೇ ಮರ ಒಣಗಿ ಕುಗ್ಗುತ್ತದೆ, ಸ್ಕ್ರೂ ಕುಳಿತ ತೂತು ಸಡಿಲವಾಗುತ್ತದೆ. ಕಡಲ ಗಾಳಿಯ ಉಪ್ಪು ಕಬ್ಬಿಣದ ಸ್ಕ್ರೂವಿಗೆ ತುಕ್ಕು ಹಿಡಿಸುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಸುತ್ತಲಿನ ಮರವನ್ನು ಒತ್ತಿ ಬಿರುಕು ಬಿಡಿಸುತ್ತದೆ. ಹೊಸ ಮನೆಗಳ ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿಗಳದ್ದು ಇನ್ನೊಂದು ಕತೆ. ಅಲ್ಲಿನ ತಿರುಗಿಸುವ ಹಿಡಿಗಳನ್ನು ಹೆಚ್ಚಾಗಿ ಸತುವಿನ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು ಮಾಡುತ್ತಾರೆ. ಅವು ಹಳೆಯ ಕಬ್ಬಿಣದ ಹಿಡಿಯಂತೆ ಬಗ್ಗಿ ಮುನ್ಸೂಚನೆ ಕೊಡುವುದಿಲ್ಲ. ಒಂದು ದಿನ ಪಟ್ಟನೆ ತುಂಡಾಗುತ್ತವೆ.

ಲೋಹಕ್ಕೂ ದಣಿವಿದೆ. 19ನೇ ಶತಮಾನದ ಮಧ್ಯಭಾಗದಲ್ಲಿ ಜರ್ಮನಿಯ ಎಂಜಿನಿಯರ್ ಆಗಸ್ಟ್ ವೋಲರ್ ರೈಲುಗಾಡಿಗಳ ಅಚ್ಚುಗಳು ಮುರಿಯುವುದೇಕೆಂದು ವರ್ಷಗಟ್ಟಲೆ ಪರೀಕ್ಷಿಸಿದರು. ಒಂದೇ ಏಟಿಗೆ ಮುರಿಯಲು ಬೇಕಾಗುವ ಬಲಕ್ಕಿಂತ ಬಹಳ ಕಡಿಮೆ ಬಲ ಸಾವಿರಾರು, ಲಕ್ಷಾಂತರ ಸಲ ಮರುಕಳಿಸಿದರೂ ಲೋಹ ಮುರಿಯುತ್ತದೆ ಎಂದು ಅವರ ಪ್ರಯೋಗಗಳು ತೋರಿಸಿಕೊಟ್ಟವು. ಅಂದರೆ ಕೊನೆಯ ಎಳೆತ ಮೊದಲಿನ ಎಳೆತಗಳಿಗಿಂತ ಜೋರಾಗಿರಬೇಕೆಂದೇನೂ ಇಲ್ಲ. ಹಾಗಾದರೆ ಹಿಡಿಯನ್ನು ಮುರಿದದ್ದು ಯಾವ ಎಳೆತ? ಕ್ರಿ.ಪೂ. 4ನೇ ಶತಮಾನದ ಯೂಬುಲಿಡೀಸ್ ಎಂಬ ಗ್ರೀಕ್ ತತ್ವಜ್ಞಾನಿಯ ಹೆಸರಿನಲ್ಲಿ ಒಂದು ಒಗಟು ಪ್ರಚಲಿತವಿದೆ. ಧಾನ್ಯದ ರಾಶಿಯಿಂದ ಒಂದೊಂದೇ ಕಾಳು ತೆಗೆಯುತ್ತಾ ಹೋದರೆ ಅದು ರಾಶಿಯಲ್ಲದೆ ಹೋಗುವುದು ಯಾವ ಕಾಳಿನಿಂದ? ಪಂಡಿತರು ಇದರ ಬಗ್ಗೆ ಇಂದಿಗೂ ಚರ್ಚಿಸುತ್ತಿದ್ದಾರೆ. ಮನೆಯಲ್ಲಿ ಮಾತ್ರ ನಮಗೆ ಸಂಶಯವೇ ಬರುವುದಿಲ್ಲ. ಕೊನೆಯ ಕಾಳು ತೆಗೆದವನ ಕಿವಿ ಹಿಂಡುತ್ತೇವೆ!

ಮನೆಯವರ ನಡುವೆ ಇದು ಒಂದು ಮಾತಿನಲ್ಲಿ ಮುಗಿದುಹೋಗಬಹುದು. ಬಾಡಿಗೆ ಮನೆಯಲ್ಲಿ ಹಾಗಲ್ಲ, ಅಲ್ಲಿ ಹಣದ ಲೆಕ್ಕ ಬರುತ್ತದೆ. ಮನೆ ಖಾಲಿ ಮಾಡುವ ದಿನ ಮಾಲಿಕರು ಕೋಣೆ ಕೋಣೆ ಸುತ್ತಿ, ಕಿಟಕಿಗಳನ್ನು ಅಲ್ಲಾಡಿಸಿ ನೋಡಿ ಅಡ್ವಾನ್ಸ್‌ನಲ್ಲಿ ಹಣ ಹಿಡಿದುಕೊಳ್ಳುವುದು ನಮ್ಮ ನಗರಗಳಲ್ಲಿ ಸಾಮಾನ್ಯ ದೃಶ್ಯ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಈ ವಿಷಯದಲ್ಲಿ ಉದಾರವಾಗಿದೆ. ಬಾಡಿಗೆದಾರನು ಮನೆಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಆದರೆ ಸಹಜ ಬಳಕೆಯಿಂದಾದ ಸವೆತ ಅವನ ಹೊಣೆಯಲ್ಲ ಎಂದು ಅದು ಹೇಳುತ್ತದೆ. 2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲೂ ಸಹಜ ಸವೆತಕ್ಕೆ ವಿನಾಯಿತಿ ಇದೆ. ಆದರೆ ಅದಕ್ಕೊಂದು ಅನುಬಂಧವೂ ಇದೆ. ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಳ್ಳದಿದ್ದರೆ ಕಟ್ಟಡದ ರಚನೆಯ ರಿಪೇರಿ, ಸುಣ್ಣಬಣ್ಣ, ಪೈಪು, ವಯರಿಂಗ್ ಮಾಲಿಕರ ಪಾಲು. ನಲ್ಲಿಯ ವಾಷರ್, ಸ್ವಿಚ್ಚು, ಬಾಗಿಲು-ಕಪಾಟು-ಕಿಟಕಿಗಳ ಹಿಡಿ ಮತ್ತು ಬೀಗ ಬದಲಿಸುವುದು ಬಾಡಿಗೆದಾರನ ಪಾಲು. ರಾಜ್ಯಗಳು ಅಂಗೀಕರಿಸಿದಲ್ಲಿ ಮಾತ್ರ ಇದು ಕಾನೂನಾಗುತ್ತದೆ ಎಂಬುದನ್ನು ನೆನಪಿಡಬೇಕು.

ಕಿಟಕಿಯ ಹಿಡಿಯಂಥ ಕಿರಿದಾದ ವಸ್ತುವಿನ ಹೆಸರು ಒಂದು ಮಾದರಿ ಕಾಯ್ದೆಯಲ್ಲಿ ಬಂದಿರುವುದು ಸ್ವಾರಸ್ಯಕರ. ಈ ಹಂಚಿಕೆಯಲ್ಲಿ ವ್ಯಾವಹಾರಿಕ ಬುದ್ಧಿಯೂ ಇದೆ. ಪ್ರತಿಯೊಂದು ವಾಷರಿಗೂ ಮಾಲಿಕರನ್ನು ಕರೆಯುತ್ತಾ ಕೂರಲಾಗದು. ಆದರೂ ಇದು ವಸ್ತು ಯಾವುದೆಂದು ನೋಡುತ್ತದೆಯೇ ಹೊರತು ಅದರ ವಯಸ್ಸನ್ನು ಕೇಳುವುದಿಲ್ಲ. ಹದಿನೈದು ವರ್ಷ ಐದು ಕುಟುಂಬಗಳು ಎಳೆದ ಹಿಡಿ ಆರನೆಯ ಕುಟುಂಬ ಬಂದು ಮೂರು ತಿಂಗಳಾಗುವಷ್ಟರಲ್ಲಿ ಕಳಚಿಬೀಳಬಹುದು. ಖರ್ಚು ಪೂರ್ತಿ ಆರನೆಯವರದ್ದು. ಮೊತ್ತ ಸಣ್ಣದು, ನಿಜ. ಆದರೆ ಯಾರಿಗೆ ಸಣ್ಣದು ಎಂಬುದೂ ಪ್ರಶ್ನೆಯೇ. ದಿನಗೂಲಿಯಿಂದ ಬಾಡಿಗೆ ಕಟ್ಟುವವರಿಗೂ ಬಾಡಿಗೆಯಿಂದ ಇನ್ನೊಂದು ಮನೆ ಕಟ್ಟಿಸುವವರಿಗೂ ಇನ್ನೂರು ರೂಪಾಯಿ ಒಂದೇ ತೂಕದ್ದಲ್ಲ.

ಇಲ್ಲಿ ಬಾಡಿಗೆದಾರರ ಪರವಾಗಿ ಮಾತ್ರ ವಾದಿಸುವುದು ನ್ಯಾಯವಲ್ಲ. 'ಮನೆ ನಮ್ಮದಲ್ಲ, ನಮಗೇಕೆ ಉಸಾಬರಿ' ಎಂದು ಕಿಟಕಿಗೆ ಹಗ್ಗ ಬಿಗಿದು ಎರಡು ವರ್ಷ ಕಳೆದು, ಹಗ್ಗವನ್ನೂ ಬಿಚ್ಚದೆ ಹೊರಟುಹೋಗುವವರಿದ್ದಾರೆ. ಅವರ ನಂತರ ಬರುವವರು ಯಾರೋ, ಯಾವ ಊರಿನವರೋ. ಆ ಅಪರಿಚಿತರಿಗೆ ನಾವೇನಾದರೂ ಕೊಡಬೇಕಾದದ್ದಿದೆಯೇ? ಇದೆ ಎಂದೇ ನಮ್ಮ ಅಭಿಪ್ರಾಯ. ಒಂದು ಮನೆಗೆ ಕಾಲಿಟ್ಟ ಮೊದಲ ದಿನ ಕಿಟಕಿಗಳೆಲ್ಲ ಸಲೀಸಾಗಿ ತೆರೆದುಕೊಂಡರೆ ಅದಕ್ಕೆ ಕಾರಣ ನಮಗಿಂತ ಮುಂಚೆ ಇದ್ದವರಲ್ಲಿ ಯಾರೋ ಒಬ್ಬರು ಸ್ಕ್ರೂ ಬಿಗಿ ಮಾಡಿದ್ದು, ಎಣ್ಣೆ ಬಿಟ್ಟಿದ್ದು. ಅವರ ಹೆಸರು ನಮಗೆ ಗೊತ್ತಿಲ್ಲ, ಗೊತ್ತಾಗಿದ್ದರೂ ಸಾಲ ತೀರಿಸಲು ಅವರು ಸಿಗುತ್ತಿರಲಿಲ್ಲ. ತೀರಿಸಬಹುದಾದದ್ದು ಮುಂದೆ ಬರುವವರಿಗೆ ಮಾತ್ರ. ಸವೆತ ಅನೇಕ ಕೈಗಳದ್ದಾದ ಮೇಲೆ ದುರಸ್ತಿಯೂ ಅನೇಕರದ್ದೇ. ಯಾವಾಗಲಾದರೂ ಒಬ್ಬರು ಕೈಯಿಂದ ಹಣ ಹಾಕಬೇಕಾಗುತ್ತದೆ, ಆದರೆ ಅದನ್ನು ದಂಡವೆಂದು ತಿಳಿಯಬೇಕಾಗಿಲ್ಲ. ದಂಡವೆಂದು ವಸೂಲಿ ಮಾಡುವ ಹಕ್ಕೂ ಮಾಲಿಕರಿಗಿಲ್ಲ.

ಸ್ವಂತ ಮನೆಯಲ್ಲಿ ಈ ತೊಡಕುಗಳಿಲ್ಲ ಎಂದುಕೊಳ್ಳುತ್ತೇವೆ. ಆದರೆ ಅಲ್ಲಿ ಹಣ ಇರುವ ಕೈ ಒಂದು, ಕಿಟಕಿ ತೆರೆಯುವ ಕೈ ಇನ್ನೊಂದು. ಹಜಾರದ ಕಿಟಕಿಯ ಹಿಡಿ ಹೋದರೆ ನೆಂಟರು ಬರುವ ಮುನ್ನ ಬದಲಾಗುತ್ತದೆ. ಅಡುಗೆಮನೆಯದ್ದು ಜಿಡ್ಡು ಹಿಡಿದು, ತಂತಿ ಸುತ್ತಿಕೊಂಡು ವರ್ಷಗಟ್ಟಲೆ ಹಾಗೇ ಇರುತ್ತದೆ. ತೆರೆಯುವುದು ಕಷ್ಟವಾದ ಕಿಟಕಿ ಕ್ರಮೇಣ ತೆರೆಯದ ಕಿಟಕಿಯಾಗುತ್ತದೆ. ಸೌದೆ, ಸೀಮೆಎಣ್ಣೆಗಳಂಥ ಇಂಧನಗಳ ಹೊಗೆಯಿಂದ ಮನೆಯೊಳಗಿನ ಗಾಳಿ ಕೆಟ್ಟು 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಮಂದಿ ಸತ್ತಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅದಕ್ಕೆ ಮೂಲ ಕಾರಣ ಇಂಧನ, ಕಿಟಕಿಯಲ್ಲ. ಆದರೂ ಸೌದೆ ಒಲೆ ಉರಿಯುವ ಅಡುಗೆಮನೆಯಲ್ಲಿ ಗಾಳಿಯ ದಾರಿ ಮುಚ್ಚಿದ್ದರೆ ಆ ಹೊಗೆ ಒಳಗೇ ನಿಲ್ಲುತ್ತದೆ. 'ಅವಳು ಹೇಗೋ ಸುಧಾರಿಸಿಕೊಳ್ಳುತ್ತಾಳೆ' ಎಂದು ಗಂಡಸರು ಮೆಚ್ಚಿ ಹೇಳುವುದನ್ನು ನಾವು ಕೇಳಿದ್ದೇವೆ. ತನ್ನ ಕಷ್ಟವನ್ನು ತಾನು ತಾಳಿಕೊಳ್ಳುವುದು ಸಹನೆ. ಇನ್ನೊಬ್ಬರು ತಾಳಿಕೊಳ್ಳಲಿ ಎಂದು ಬಿಡುವುದಕ್ಕೆ ಬೇರೆ ಹೆಸರಿದೆ.

ಮಿತವ್ಯಯದ ಮಾತನ್ನೂ ಇಲ್ಲಿ ಎತ್ತುತ್ತಾರೆ. ನಮ್ಮ ಹಿರಿಯರು ಬಗ್ಗಿದ ಮೊಳೆಯನ್ನು ಕಲ್ಲಿನ ಮೇಲೆ ಬಡಿದು ನೇರ ಮಾಡಿ ಮತ್ತೆ ಬಳಸುತ್ತಿದ್ದರು. ಸಡಿಲವಾದ ತೂತಿಗೆ ಬಿದಿರಿನ ಚೂರು ತುರುಕಿ ಅದೇ ಸ್ಕ್ರೂ ಬಿಗಿಯುತ್ತಿದ್ದರು. ಅದು ನಿಜವಾದ ಮಿತವ್ಯಯ, ಏಕೆಂದರೆ ಕೆಲಸ ಅಂದೇ ಆಗುತ್ತಿತ್ತು. ಈಗ ಒಂದೆಡೆ ಮುಂದೂಡುವುದನ್ನೇ ಉಳಿತಾಯ ಎನ್ನುತ್ತೇವೆ. ಇನ್ನೊಂದೆಡೆ ಒಂದು ಹಿಡಿ ಹೋಯಿತೆಂದು ಇಡೀ ಕಿಟಕಿಯನ್ನೇ ಕಿತ್ತು ಹೊಸದು ಕೂರಿಸುತ್ತೇವೆ. ಗಟ್ಟಿ ಹಲಸಿನ ಚೌಕಟ್ಟುಗಳು ಹೀಗೆ ಸೌದೆಯಾಗಿವೆ.

ಒಂದು ಹಿಡಿಯನ್ನು ಮಾತ್ರ ಬದಲಿಸುವುದು ಈಗ ಹಿಂದಿನಷ್ಟು ಸುಲಭವಲ್ಲ ಎಂಬುದೂ ನಿಜ. ಸ್ಕ್ರೂವಿನ ಎರಡು ತೂತುಗಳ ನಡುವಿನ ಅಂತರ ಕಂಪೆನಿಯಿಂದ ಕಂಪೆನಿಗೆ ಬೇರೆಯಿರಬಹುದು. ತಿರುಗಿಸುವ ಹಿಡಿಯಾದರೆ ಹಿಂಭಾಗದ ಚೌಕ ಸರಳಿನ ದಪ್ಪ, ಉದ್ದ ಎರಡೂ ಹೊಂದಬೇಕು. ದಪ್ಪ ಸಾಮಾನ್ಯವಾಗಿ 7 ಮಿಲಿಮೀಟರ್, ಉದ್ದ ಚೌಕಟ್ಟಿಗೆ ತಕ್ಕಂತೆ. ಆದ್ದರಿಂದ ಹಳೆಯ ಹಿಡಿಯನ್ನು ಕಳಚಿ ಅಂಗಡಿಗೆ ಒಯ್ಯುವುದೇ ಸರಿ. ಸಾಧ್ಯವಾದರೆ ಆ ಕಿಟಕಿಯನ್ನು ದಿನವೂ ತೆರೆಯುವವರನ್ನೂ ಜೊತೆಗೆ ಕರೆದೊಯ್ಯಬೇಕು. ಗಂಟು ನೋವಿನ ಬೆರಳುಗಳಿಗೆ ಗುಂಡನೆಯ ಹಿಡಿಗಿಂತ ಉದ್ದನೆಯದು ಹಗುರ. ಅಂಗಡಿಯವರಿಗೆ ಯಾರ ಬೆರಳು ನೋಯುತ್ತದೆಂದು ಗೊತ್ತಿರುವುದಿಲ್ಲ, ಅವರು ಹೆಚ್ಚು ಹೊಳೆಯುವುದನ್ನೇ ತೋರಿಸುತ್ತಾರೆ.