ದಂಡವೋ, ಬೆಲೆಯೋ?

ಬೆಲೆ ತೆತ್ತವನಿಗೆ ವಸ್ತುವಿನ ಮೇಲೆ ಹಕ್ಕು ಬರುತ್ತದೆ; ದಂಡ ತೆತ್ತವನಿಗೆ ತಪ್ಪಿನ ಮೇಲೆ ಹಕ್ಕು ಬರುವುದಿಲ್ಲ. ಈ ಭೇದವು ಇಂಗ್ಲೆಂಡಿನ ಬಾಡಿಗೆ ಮನೆಗಳಲ್ಲಿ ಪರೀಕ್ಷೆಗೆ ಒಳಗಾಗಿದೆ.

ಒಂದೇ ಸಂಸಾರದವರಲ್ಲದ ಐವರು ಅಥವಾ ಹೆಚ್ಚು ಮಂದಿ ಅಡಿಗೆಮನೆ, ಬಚ್ಚಲುಗಳನ್ನು ಹಂಚಿಕೊಂಡು ಬಾಳುವ ಮನೆಗೆ ಅಲ್ಲಿ ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕು. ಅದಿಲ್ಲದೆ ಬಾಡಿಗೆಗೆ ಕೊಡುವುದು 2004ರ ವಸತಿ ಕಾಯಿದೆಯಂತೆ ಅಪರಾಧ. 2016ರ ಕಾಯಿದೆಯು ಮೊಕದ್ದಮೆ ಹೂಡದೆಯೇ 30,000 ಪೌಂಡುಗಳವರೆಗೆ ದಂಡ ಹಾಕುವ ಅಧಿಕಾರವನ್ನು ಆ ಸಂಸ್ಥೆಗಳಿಗೆ ಕೊಟ್ಟಿತು. 2025ರ ಕಾಯಿದೆ ಈ ಮಿತಿಯನ್ನು 40,000ಕ್ಕೆ ಏರಿಸಿತು.

ಆದರೆ ಇಕ್ಕಟ್ಟಾದ ಕೋಣೆಗಳಲ್ಲಿ ಜನರನ್ನು ತುಂಬಿ ಗಳಿಸುವವನು ಈ ಮೊತ್ತವನ್ನೂ ವ್ಯಾಪಾರದ ಖರ್ಚೆಂದು ಬರೆದುಕೊಂಡರೆ, ಅದು ದಂಡವೆನಿಸೀತೆ? ಸರ್ಕಾರದ ಮಾರ್ಗಸೂಚಿ ಇದನ್ನು ಬಲ್ಲದು: ಅಪರಾಧದಿಂದ ಬಂದ ಲಾಭ ಅಪರಾಧಿಯಲ್ಲಿ ಉಳಿಯಬಾರದೆಂದು ಅದು ಹೇಳುತ್ತದೆ. ಇದು ಸರಿಯಾದ ಅಳತೆಗೋಲು. ಕಾಗದ ಮಾಡಿಸಲು ಮರೆತವನನ್ನೂ ಬೆಂಕಿಯ ಅಪಾಯವನ್ನು ಬಲ್ಲೂ ಕಡೆಗಣಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದಷ್ಟೆ.

ಇಷ್ಟಾದರೂ ದಂಡದ ಹಣ ಸೇರುವುದು ಸಂಸ್ಥೆಗೆ, ಗಾಳಿಯಿಲ್ಲದ ಕೋಣೆಯಲ್ಲಿ ಮಲಗಿದವನಿಗಲ್ಲ. ತೆತ್ತ ಬಾಡಿಗೆಯನ್ನು ನ್ಯಾಯಮಂಡಳಿಯ ಆಜ್ಞೆಯಿಂದ ಮರಳಿ ಪಡೆಯುವ ದಾರಿ ಅವನಿಗೆ ಬೇರೆ ಇದೆ. ಅದನ್ನು ಹಿಡಿಯಲು ಅವನೇ ಮುಂದೆ ಬರಬೇಕು. ಸೂರು ಹೋದೀತೆಂಬ ಭಯ ಅವನನ್ನು ಹಿಂದಕ್ಕೆಳೆಯುತ್ತದೆ.