ದೂರದ ಹಸಿವು

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಬಿ.ಎಸ್ಸಿ. ಎರಡನೆಯ ವರ್ಷ. ಕಾಫಿ ಕುಡಿದು ಲೋಟ ಕೆಳಗಿಟ್ಟವಳೇ, "ಟೀಚರ್, ನನಗೊಂದು ಶಿಫಾರಸು ಪತ್ರ ಬರೆದುಕೊಡಬೇಕು" ಎಂದಳು. ಅವಳ ಚರ್ಚಿನ ಪರಿಚಯದ ಸೇವಾಸಂಸ್ಥೆಯೊಂದು ಕಾಲೇಜು ಮಕ್ಕಳನ್ನು ಆಫ್ರಿಕಾದ ಒಂದು ನಿರಾಶ್ರಿತರ ಶಿಬಿರಕ್ಕೆ ಕರೆದೊಯ್ಯುತ್ತದಂತೆ. ನಾಲ್ಕು ವಾರ ಅಲ್ಲಿನ ಮಕ್ಕಳಿಗೆ ಪಾಠ ಹೇಳುವುದು. ವಿಮಾನದ ಖರ್ಚು ಅವರವರದು. ಅಪ್ಪ ಸಾಲ ಮಾಡಲು ಒಪ್ಪಿದ್ದಾರೆ.

"ಇಷ್ಟು ದೂರ ಯಾಕೆ?" ಎಂದೆ.

"ಹಸಿದವರಿಗೆ ಅನ್ನ ಕೊಡಿ ಅಂತ ಪ್ರತಿ ಭಾನುವಾರ ಕೇಳ್ತೇನೆ ಟೀಚರ್. ಕೇಳಿ, ಮನೆಗೆ ಬಂದು ಊಟ ಮಾಡ್ತೇನೆ."

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ದೇವಸ್ಥಾನದಿಂದ ಬಂದು ನಾನು ಮಾಡುವುದೂ ಅದನ್ನೇ. ಆದರೂ ಪತ್ರ ಬರೆಯಲು ಕೈ ಏಳಲಿಲ್ಲ. ಎರಡು ದಿನ ಬಿಟ್ಟು ಬಾ ಎಂದು ಕಳುಹಿಸಿದೆ.

ಕಾರಣ ಹಳೆಯದು. ಬಿ.ಎಡ್. ಓದುವಾಗ ಅಭ್ಯಾಸ ಪಾಠಕ್ಕೆಂದು ನಮ್ಮನ್ನು ಒಂದು ಹಳ್ಳಿಯ ಶಾಲೆಗೆ ಹಾಕಿದ್ದರು. ಬಣ್ಣದ ಚಾರ್ಟು, ಹಾಡು, ಕತೆ ಎಂದು ಮೆರೆದೆವು. ಮಕ್ಕಳು ನಮ್ಮ ಸೆರಗು ಹಿಡಿದುಕೊಂಡೇ ತಿರುಗುತ್ತಿದ್ದರು. ಕೊನೆಯ ದಿನ ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ನಾಳೆ ಯಾವ ಪಾಠ ಟೀಚರ್?" ಎಂದು ಕೇಳಿದಳು. ನಾಳೆಯಿಂದ ನಾನಿಲ್ಲ ಎನ್ನಲು ಬಾಯಿ ಬರಲಿಲ್ಲ. "ನಾಳೆ ಹೇಳ್ತೇನೆ" ಎಂದು ಬಸ್ಸು ಹತ್ತಿದೆ. ನನಗೆ ಒಳ್ಳೆಯ ಅಂಕ ಬಂತು. ಆ ಹುಡುಗಿಗೆ ಏನು ಬಂತೋ! ಮನೆಮಠ ಕಳೆದುಕೊಂಡ ಮಕ್ಕಳ ಬಳಿಗೆ ನಾಲ್ಕು ವಾರಕ್ಕೆ ಹೋಗಿ ಬರುವುದೆಂದರೆ ನನಗೆ ನೆನಪಾಗುವುದು ಆ ಪ್ರಶ್ನೆಯೇ. ಶಿಬಿರದೊಳಗೇ ಓದಿದವರು ಇರುತ್ತಾರೆ. ವಿಮಾನದ ದುಡ್ಡಿನಲ್ಲಿ ಅವರಲ್ಲೊಬ್ಬರಿಗೆ ಸಂಬಳ ಕೊಟ್ಟರೆ ಪಾಠ ನಿಲ್ಲುವುದಿಲ್ಲವಲ್ಲ?

ಇನ್ನೊಂದು ಅಳುಕೂ ಇತ್ತು, ಹೇಳಿಬಿಡುತ್ತೇನೆ. ಅನ್ನ ಕೊಡುವ ಕೈ ದೇವರನ್ನೂ ಬದಲಿಸಲು ಹೊರಟರೆ? ಈ ಅನುಮಾನ ನಮ್ಮೂರಿನ ಜಗಲಿಗಳಲ್ಲಿ ಧಾರಾಳವಾಗಿದೆ. ಆದರೆ 1994ರಲ್ಲಿ ರೆಡ್ ಕ್ರಾಸ್ ಮತ್ತಿತರ ಸಂಸ್ಥೆಗಳು ಸೇರಿ ಪರಿಹಾರ ಕಾರ್ಯಕ್ಕೊಂದು ನಡತೆಯ ಸಂಹಿತೆ ಮಾಡಿಕೊಂಡವು. ನೆರವು ಕೊಡುವಾಗ ಜಾತಿ ಮತ ನೋಡಬಾರದು, ನೆರವನ್ನು ಧರ್ಮದ ಅಥವಾ ರಾಜಕೀಯದ ಪ್ರಚಾರಕ್ಕೆ ಬಳಸಬಾರದು ಎಂಬುದು ಅದರಲ್ಲಿದೆ. ಅದನ್ನು ಮುಂದೆ ನಿಂತು ರೂಪಿಸಿದವರಲ್ಲಿ ಕ್ಯಾಥೊಲಿಕರ ಕಾರಿತಾಸ್, ಲೂಥರನ್ ವಿಶ್ವ ಒಕ್ಕೂಟ, ಚರ್ಚುಗಳ ವಿಶ್ವ ಮಂಡಳಿ ಎಲ್ಲವೂ ಇದ್ದವು. ಹಾಗಾಗಿ ಹುಡುಗಿ ಕೇಳಬೇಕಾದದ್ದು ನಿಮ್ಮ ಧರ್ಮ ಯಾವುದು ಎಂದಲ್ಲ. ಪ್ರಾರ್ಥನೆಗೆ ಕೂರದ ಮಗುವಿಗೂ ಸ್ಲೇಟು ಸಿಗುತ್ತದೆಯೇ ಎಂದು.

ಅವಳಿಗೆ ಹೇಳಲು ಎರಡು ಕತೆಗಳನ್ನು ಸಿದ್ಧಮಾಡಿಕೊಂಡೆ. ಮೇಷ್ಟ್ರ ಬುದ್ಧಿ, ಬಿಡುವುದಿಲ್ಲ. 1899ರಲ್ಲಿ ಕಲ್ಕತ್ತೆಗೆ ಪ್ಲೇಗು ಬಂದಾಗ ಸೋದರಿ ನಿವೇದಿತಾ ಪೊರಕೆ ಹಿಡಿದು ಬೀದಿಗಿಳಿದರು. ಆ ಏಪ್ರಿಲ್‌ನಲ್ಲಿ ಕ್ಲಾಸಿಕ್ ಥಿಯೇಟರಿನಲ್ಲಿ ಪ್ಲೇಗು ಮತ್ತು ವಿದ್ಯಾರ್ಥಿಗಳ ಕರ್ತವ್ಯ ಕುರಿತು ಮಾತಾಡಿದರು; ವಿವೇಕಾನಂದರದೇ ಅಧ್ಯಕ್ಷತೆ. ಸುಮಾರು 15 ವಿದ್ಯಾರ್ಥಿಗಳು ಮುಂದೆ ಬಂದರು. ಅವರಿಗೆ ಸಿಕ್ಕ ಸೇವೆಯೆಂದರೆ ಕೊಳೆಗೇರಿಯ ಕಸ ಗುಡಿಸುವುದು. ಎರಡನೆಯದು 1984ರದು. ಬರ್ಮಿಂಗ್‌ಹ್ಯಾಮಿನಲ್ಲಿ ವೈದ್ಯಕೀಯ ಓದುತ್ತಿದ್ದ ಈಜಿಪ್ಟಿನ ಹನಿ ಅಲ್ ಬನ್ನಾ ಗೆಳೆಯರೊಂದಿಗೆ ಸೇರಿ ಆಫ್ರಿಕಾದ ಕ್ಷಾಮಕ್ಕೆ ಚಂದಾ ಎತ್ತತೊಡಗಿದ. ಮೊದಲ ಕಾಣಿಕೆ ಅವನ ಸಂಬಂಧಿಕರ ಹುಡುಗ ಕೊಟ್ಟ 20 ಪೆನ್ಸ್. ಅದೇ ಇಸ್ಲಾಮಿಕ್ ರಿಲೀಫ್ ಆಗಿ ಇಂದು 30ಕ್ಕೂ ಹೆಚ್ಚು ದೇಶಗಳಲ್ಲಿ ಕೆಲಸ ಮಾಡುತ್ತಿದೆ. ನೋಡಿದೆಯಾ, ಇದ್ದಲ್ಲಿಯೇ ಡಬ್ಬಿ ಹಿಡಿದರೂ ಸಾಕು ಎನ್ನುವುದು ನನ್ನ ಲೆಕ್ಕ.

ಆದರೆ ರಾತ್ರಿ ಮಲಗಿದಾಗ ನನ್ನ ಲೆಕ್ಕವೇ ತಪ್ಪಿತು. ಆ ವೈದ್ಯ ವಿದ್ಯಾರ್ಥಿ ಡಬ್ಬಿ ಹಿಡಿಯುವ ಮೊದಲು ಸುಡಾನಿಗೆ ಹೋಗಿ ಬಂದಿದ್ದ. ಅಲ್ಲಿನ ಸ್ಥಿತಿಯನ್ನು ಕಣ್ಣಾರೆ ಕಂಡಿದ್ದ. ವೆಲ್ಲೂರಿನ ಐಡಾ ಸ್ಕಡರ್ ಕೂಡ ಹಾಗೆಯೇ. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ಅಮೆರಿಕದಿಂದ ತಿಂಡಿವನಂಗೆ ಬಂದವಳು. ಇಲ್ಲಿ ನಿಲ್ಲುವ ಆಸೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಒಂದೇ ರಾತ್ರಿ ಮೂವರು ಗಂಡಸರು ಬಂದು ಹೆಂಡತಿಯ ಹೆರಿಗೆ ಮಾಡಿಸಲು ಕರೆದರು. ಅವಳು ವೈದ್ಯೆಯಲ್ಲ, ವೈದ್ಯನಾಗಿದ್ದ ಅಪ್ಪನನ್ನು ಒಳಗೆ ಬಿಡಲು ಅವರು ಒಪ್ಪಲಿಲ್ಲ. ಮೂವರು ಬಾಣಂತಿಯರೂ ತೀರಿಕೊಂಡರು. ಆಮೇಲೆ ಅವಳು ಹಿಂತಿರುಗಿ ಓದಿ, 1899ರಲ್ಲಿ ಪದವಿ ಪಡೆದು, 1900ರಲ್ಲಿ ಬಂದವಳು ಇಲ್ಲಿಯೇ ಉಳಿದಳು. ಮೊದಲು ಕಲಿತು ಬಾ ಎನ್ನಲು ಇವಳ ಕತೆ ಅನುಕೂಲವೇ. ಆದರೆ ಆ ರಾತ್ರಿ ಅವಳು ಅಲ್ಲಿರದಿದ್ದರೆ? ಕಾಣದ ಹಸಿವಿಗೆ ಜೀವ ತೇಯುವವರು ಎಷ್ಟು ಮಂದಿ?

ಎರಡು ದಿನ ಬಿಟ್ಟು ಹುಡುಗಿ ಬಂದಳು. ಕತೆ ಹೇಳಲಿಲ್ಲ. ಅಭ್ಯಾಸ ಪಾಠದ ಸಂಗತಿ ಮಾತ್ರ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೊನೆಯ ದಿನ ಯಾವುದು ಅಂತ ಮೊದಲ ದಿನವೇ ಮಕ್ಕಳಿಗೆ ಹೇಳ್ತೇನೆ ಟೀಚರ್. ನನ್ನ ನಂತರ ಯಾರು ಬರ್ತಾರೆ ಅಂತ ಸಂಸ್ಥೆಯವರನ್ನೂ ಕೇಳ್ತೇನೆ" ಎಂದಳು. ನನಗೆ ಆಗ ಹೊಳೆಯದೆ ಇದ್ದದ್ದು ಇವಳಿಗೆ ಹೊಳೆಯಿತಲ್ಲ ಎನಿಸಿತು. ಸ್ಲೇಟಿನ ಪ್ರಶ್ನೆಯನ್ನೂ ಕೇಳು ಎಂದೆ.

ಪತ್ರ ಬರೆದುಕೊಟ್ಟೆ. ಗಣಿತದಲ್ಲಿ ಸಾಧಾರಣ, ಮಾತು ಕಡಿಮೆ, ಹಿಡಿದ ಕೆಲಸ ಮುಗಿಸದೆ ಏಳುವವಳಲ್ಲ ಎಂದಷ್ಟೇ ಬರೆದಿದ್ದೆ. ಓದಿ ನೋಡಿದ ಹುಡುಗಿ ಮುಖ ಸಣ್ಣದು ಮಾಡಿಕೊಂಡು, "ಗಣಿತದ್ದು ಯಾಕೆ ಬರೆದಿರಿ ಟೀಚರ್?" ಎಂದಳು.