ಗೃಹ ವಿಮೆಯ ಎಲ್ಲೆ ಮತ್ತು ನಮ್ಮ ಹೊಣೆ

ಮನೆಯು ಅಲ್ಲಾಹನ ದೊಡ್ಡ ಅನುಗ್ರಹಗಳಲ್ಲಿ ಒಂದು. ಪವಿತ್ರ ಕುರ್‌ಆನಿನ ಅನ್ನಹ್ಲ್ ಅಧ್ಯಾಯವು ಅದನ್ನು ಮನುಷ್ಯನಿಗೆ ನೆಮ್ಮದಿಯ ತಾಣವಾಗಿ ನೀಡಲಾಗಿದೆ ಎಂದು ನೆನಪಿಸುತ್ತದೆ. ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳಲ್ಲಿ ಆ ನೆಮ್ಮದಿಯ ಹಿಂದೆ ಒಬ್ಬ ಮನುಷ್ಯ ಹದಿನೈದಿಪ್ಪತ್ತು ವರ್ಷ ಗಲ್ಫಿನಲ್ಲಿ ಸುರಿಸಿದ ಬೆವರಿದೆ. ಅಂತಹ ಮನೆ ಒಂದು ರಾತ್ರಿಯ ಮಳೆಗೆ ಹೋದರೆ ಗತಿಯೇನು? ಈ ಪ್ರಶ್ನೆಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳಿವೆ. "ವಿಮೆ ಮಾಡಿಸಿದ್ದೇವೆ, ಇನ್ನು ಹೆದರಿಕೆಯಿಲ್ಲ" ಎನ್ನುವವರು ಒಂದು ಕಡೆ. "ವಿಮೆಯೆಂದರೆ ಅಲ್ಲಾಹನ ಮೇಲೆ ಭರವಸೆ ಇಲ್ಲದವರ ಕೆಲಸ" ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಪಾಲಿಸಿಯ ಕಾಗದವನ್ನು ಪೂರ್ತಿ ಓದಿರುವುದಿಲ್ಲ ಎಂಬುದು ಬೇರೆ ಮಾತು.

ಎರಡನೆಯವರ ಮಾತನ್ನು ಮೊದಲು ನೋಡೋಣ. ಒಂಟೆಯನ್ನು ಕಟ್ಟಿಹಾಕಿ, ಆಮೇಲೆ ಅಲ್ಲಾಹನಲ್ಲಿ ಭರವಸೆಯಿಡು ಎಂದು ಪ್ರವಾದಿವರ್ಯರು(ಸ) ಹೇಳಿದ ಘಟನೆ ಎಲ್ಲರಿಗೂ ಗೊತ್ತು. ಮುನ್ನೆಚ್ಚರಿಕೆಯು ತವಕ್ಕುಲ್‌ಗೆ ವಿರುದ್ಧವಲ್ಲ. ಆದರೆ ಹಗ್ಗ ಯಾವುದು ಎಂಬ ಪ್ರಶ್ನೆ ಇದ್ದೇ ಇದೆ. ವಾಣಿಜ್ಯ ವಿಮೆಯ ಒಪ್ಪಂದದಲ್ಲಿ 'ಗರರ್' ಅಂದರೆ ಅನಿಶ್ಚಿತತೆ ಇದೆ ಎಂಬ ಕಾರಣಕ್ಕೆ ಜಿದ್ದಾದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿಯು 1985ರಲ್ಲಿ ಅದನ್ನು ಒಪ್ಪಲಿಲ್ಲ. ಪರಸ್ಪರ ಸಹಕಾರದ ವಿಮೆಯನ್ನು ಒಪ್ಪಿತು. ಶೈಖ್ ಮುಸ್ತಫಾ ಝರ್ಕಾರಂತಹ ವಿದ್ವಾಂಸರು ಬೇರೆ ಅಭಿಪ್ರಾಯ ಹೊಂದಿದ್ದರು. ಗಲಭೆಗಳಲ್ಲಿ ಮನೆ ಅಂಗಡಿಗಳನ್ನು ಕಳೆದುಕೊಳ್ಳುವ ಭಾರತೀಯ ಮುಸ್ಲಿಮರ ಸ್ಥಿತಿಯನ್ನು ಮುಂದಿಟ್ಟುಕೊಂಡು ಭಾರತದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯು 1990ರ ದಶಕದ ಆರಂಭದಲ್ಲಿ ಇಲ್ಲಿನ ಪರಿಸ್ಥಿತಿಯಲ್ಲಿ ಅನುಮತಿಯ ನಿಲುವು ತಾಳಿತು. ಸುಡಾನಿನಲ್ಲಿ 1979ರಿಂದಲೇ ಇಸ್ಲಾಮೀ ವಿಮೆ ನಡೆದುಬಂದಿದೆ, ಮಲೇಶಿಯಾದಲ್ಲಿ 1984ರಲ್ಲಿ ತಕಾಫುಲ್ ಕಾನೂನು ಬಂತು. ನಮ್ಮ ದೇಶದ ವಿಮಾ ಕಾನೂನಿನಲ್ಲಿ ಅದಕ್ಕೆ ಪ್ರತ್ಯೇಕ ಏರ್ಪಾಡಿಲ್ಲ. ಓದುಗರು ತಾವು ನೆಚ್ಚುವ ಆಲಿಮರನ್ನು ಕೇಳಿ ತೀರ್ಮಾನಿಸಲಿ. ಇಲ್ಲಿ ಹೇಳಬೇಕಾದುದು ಬೇರೆ.

ಅನುಮತಿ ಇದೆಯೆಂದು ಒಪ್ಪಿ ವಿಮೆ ಮಾಡಿಸಿದವನಿಗೆ ಅದರ ಎಲ್ಲೆ ಗೊತ್ತಿರಬೇಕು. ಕುರ್‌ಆನಿನ ಅತಿ ದೀರ್ಘ ಸೂಕ್ತವು ನಮಾಝ್ ಅಥವಾ ಉಪವಾಸದ ಕುರಿತಾಗಿಲ್ಲ. ಸಾಲದ ಕರಾರನ್ನು ಬರೆದಿಡುವ ಕುರಿತಾಗಿದೆ. ಕರಾರನ್ನು ಓದದೆ ಸಹಿ ಹಾಕುವುದನ್ನು ನಾವು ದೇವಭಕ್ತಿಯ ಸರಳತೆ ಎಂದು ಭಾವಿಸಿರುವುದು ಆಶ್ಚರ್ಯ.

2021ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಮನೆಗಳಿಗೆ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಇದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ ಎಲ್ಲವೂ ಅದರಲ್ಲಿ ಸೇರಿವೆ. ಕೇಳಲು ಬಹಳ ಚೆನ್ನಾಗಿದೆ. ಆದರೆ ಭೂಕುಸಿತದ ಷರತ್ತಿನ ಕೆಳಗಿನ ಸಾಲುಗಳನ್ನು ಓದಿರಿ. ಸಮುದ್ರ ಅಥವಾ ನದಿಯ ಕೊರೆತದಿಂದ ನೆಲ ಕುಸಿದರೆ ಅದು ಸೇರುವುದಿಲ್ಲ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡಲತಡಿಯಲ್ಲಿ ಮನೆಯಿರುವವನ ದೊಡ್ಡ ಭಯ ಯಾವುದೋ ಅದೇ ಹೊರಗುಳಿಯಿತು. ಮಣ್ಣು ತುಂಬಿಸಿ ಮಟ್ಟ ಮಾಡಿದ ನೆಲ ತಾನಾಗಿ ಕುಗ್ಗಿದರೆ, ಕಳಪೆ ಸಾಮಗ್ರಿಯಿಂದ ಗೋಡೆ ಬಿರಿದರೆ, ಅಗೆತದ ಕೆಲಸದಿಂದ ಕುಸಿದರೆ ಅವೂ ಸೇರುವುದಿಲ್ಲ.

ಕಳ್ಳತನದ ವಿಷಯವೂ ಹೀಗೆಯೇ. ಗಲ್ಫಿಗೆ ಹೋದವರು ಮನೆಗೆ ಬೀಗ ಹಾಕಿ ವಿಮೆಯ ಧೈರ್ಯದಲ್ಲಿರುತ್ತಾರೆ. ಈ ಪಾಲಿಸಿಯಲ್ಲಿ ಕಳ್ಳತನಕ್ಕೆ ಪರಿಹಾರವಿರುವುದು ಬೆಂಕಿ ಅಥವಾ ನೆರೆಯಂತಹ ವಿಮಾ ಘಟನೆ ನಡೆದು, ಅದರ ಕಾರಣದಿಂದ ಏಳು ದಿನಗಳೊಳಗೆ ಕಳವಾದರೆ ಮಾತ್ರ. ಸುಮ್ಮನೆ ಬೀಗ ಮುರಿದು ಒಯ್ದರೆ ಅದಕ್ಕೆ ಬೇರೆಯೇ ವಿಮೆ ಬೇಕು. ಮನೆ ಸಾಮಾನಿಗೆ ಕಟ್ಟಡದ ಮೊತ್ತದ ಶೇಕಡಾ 20, ಅದೂ 10 ಲಕ್ಷ ಮೀರದಂತೆ, ತಾನಾಗಿಯೇ ಸೇರಿರುತ್ತದೆ. ಚಿನ್ನಾಭರಣವನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ಬಾಡಿಗೆದಾರನ ಸಾಮಾನು ಮಾಲಕನ ಪಾಲಿಸಿಯಲ್ಲಿ ಬರುವುದಿಲ್ಲ. ಸರಕಾರಿ ಆದೇಶದಿಂದ ಮನೆ ಕೆಡವಲ್ಪಟ್ಟರೆ ಅದೂ ಇಲ್ಲ. ಬ್ಯಾಂಕಿನ ಸಾಲದ ಜೊತೆ ಬಂದ 'ವಿಮೆ'ಯು ಎಷ್ಟೋ ಸಲ ಮನೆಯದ್ದಾಗಿರದೆ ಸಾಲಗಾರನ ಜೀವದ್ದಾಗಿರುತ್ತದೆ. ಬಡ್ಡಿಯ ಸಾಲದ ವಿಷಯ ಇಲ್ಲಿ ಎತ್ತುವುದಿಲ್ಲ, ಅದು ಬೇರೆಯೇ ಲೇಖನಕ್ಕೆ ತಕ್ಕ ವಿಷಯ.

ಇನ್ನೊಂದು ಎಲ್ಲೆಯನ್ನು 2018ರ ಆಗಸ್ಟ್‌ನಲ್ಲಿ ಕೊಡಗು ಕಣ್ಣಾರೆ ಕಂಡಿತು, 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕಂಡವು. ಮನೆಯ ಮೊತ್ತವನ್ನು ಲೆಕ್ಕ ಹಾಕುವುದು ಕಟ್ಟುವ ಖರ್ಚಿನಿಂದ. ನಿವೇಶನದ ಬೆಲೆ ಅದರಲ್ಲಿಲ್ಲ. ಗುಡ್ಡವೇ ಹರಿದು ಹೋದಲ್ಲಿ ಕಟ್ಟಡದ ಹಣ ಕೈಗೆ ಬಂದರೂ ಕಟ್ಟಲು ನೆಲ ಎಲ್ಲಿದೆ?

ಈಗ ಒಬ್ಬ ನೆರೆಯವನ ಸ್ಥಿತಿಯನ್ನು ಯೋಚಿಸಿರಿ. ಗುಡ್ಡದ ಮೇಲಿನ ನಿವೇಶನಕ್ಕೆ ಜೆಸಿಬಿ ತರಿಸಿ ನೆಲ ಮಟ್ಟ ಮಾಡಿಸುತ್ತೇವೆ. ಅಗೆದ ಮಣ್ಣನ್ನು ಅಂಚಿಗೆ ದೂಡುತ್ತೇವೆ. ತಡೆಗೋಡೆಗೆ ಹಣ ಸಾಲದು, ಆದರೆ ಗೇಟಿಗೆ ಮತ್ತು ಮುಂಬಾಗಿಲ ಕೆತ್ತನೆಗೆ ಹೇಗೋ ಹೊಂದಿಕೆಯಾಗುತ್ತದೆ! ಮಳೆ ಹಿಡಿದಾಗ ಆ ಬರೆ ಜರಿದು ಕೆಳಗಿನ ಮನೆಯ ಮೇಲೆ ಬೀಳುತ್ತದೆ. ಕೆಳಗಿನವನಿಗೆ ವಿಮೆ ಇಲ್ಲ. ಮೇಲಿನವನ ಪಾಲಿಸಿ ಅವನ ಸ್ವಂತ ಮನೆಗೇ ಹೊರತು ಅವನಿಂದ ಇತರರಿಗಾದ ಹಾನಿಗಲ್ಲ. ಆಗ ಮೇಲಿನವನು "ಅಲ್ಲಾಹನ ವಿಧಿ" ಎಂದುಬಿಡುತ್ತಾನೆ. ವಿಧಿಯ ಮೇಲಿನ ವಿಶ್ವಾಸವು ಈಮಾನಿನ ಅಂಗ, ನಿಜ. ಆದರೆ ಎಲ್ಲೆ ಮೀರಿ ಅಥವಾ ಅಲಕ್ಷ್ಯದಿಂದ ಇತರರಿಗೆ ಹಾನಿ ಮಾಡಿದವನು ಅದನ್ನು ತುಂಬಿಕೊಡಬೇಕೆಂಬ 'ಝಮಾನ್' ನಿಯಮವೂ ಶರೀಅತ್‌ನಲ್ಲಿದೆ. ಹಾನಿ ಮಾಡಕೂಡದು, ಹಾನಿಗೆ ಹಾನಿಯನ್ನೂ ಮಾಡಕೂಡದು ಎಂಬ ಪ್ರವಾದಿ(ಸ)ಯವರ ಮಾತಿನ ಮೇಲೆ ಫಿಕ್ಹಿನ ಎಷ್ಟೋ ಅಧ್ಯಾಯಗಳು ನಿಂತಿವೆ. ಸರ್ವೇಯರ್ ಬಂದು ಇದು ಪಾಲಿಸಿಗೆ ಸೇರದು ಎಂದು ಬರೆದು ಹೋದ ಮಾತ್ರಕ್ಕೆ ಮೇಲಿನವನ ಹೊಣೆ ಇಳಿಯುವುದಿಲ್ಲ. ಕಂಪೆನಿಯ ಲೆಕ್ಕ ಮುಗಿದಿದೆ, ಅಷ್ಟೆ.

ಪಾಲಿಸಿಗೆ ಸೇರದ ನಷ್ಟವನ್ನು ಸೇರುವಂತೆ ತೋರಿಸುವ ಜಾಣತನವೂ ನಮ್ಮಲ್ಲಿ ಬರತೊಡಗಿದೆ. ಹಳೆಯ ಬಿರುಕನ್ನು ಈ ಮಳೆಯ ಬಿರುಕೆಂದು ಬರೆಸುವುದು, ಇಲ್ಲದ ಫ್ರಿಜ್ಜನ್ನು ಪಟ್ಟಿಗೆ ಸೇರಿಸುವುದು. "ಇಷ್ಟು ವರ್ಷ ಕಂತು ಕಟ್ಟಿದ್ದೇನಲ್ಲ" ಎಂಬ ಸಮಜಾಯಿಷಿ ಬೇರೆ. ಆ ಹಣದಿಂದ ಕಟ್ಟಿದ ಗೋಡೆಯ ಒಳಗೆ ಮಾಡಿದ ನಮಾಝಿನ ಬಗ್ಗೆ ಅವನೇ ಯೋಚಿಸಲಿ.

ಹಾಗಾದರೆ ಕಡಲು ಕೊಂಡೊಯ್ದ ಮನೆಯವನಿಗೆ, ನೆಲವೇ ಹೋದವನಿಗೆ, ಬಾಡಿಗೆ ಮನೆಯ ವಿಧವೆಗೆ ಯಾರು? ಇಲ್ಲಿ ನಮ್ಮ ಬಳಿ ಇನ್ನೊಂದು ಕಾಗದವಿದೆ. ಝಕಾತಿನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವನೂ ಒಬ್ಬ. ಅವನು ಯಾರೆಂದು ವಿವರಿಸುವಾಗ ಮುಜಾಹಿದ್‌ರು ನೆರೆಯಲ್ಲಿ ಸೊತ್ತು ಕೊಚ್ಚಿಹೋದವನನ್ನೂ ಬೆಂಕಿಯಲ್ಲಿ ಸೊತ್ತು ಕಳೆದುಕೊಂಡವನನ್ನೂ ಹೆಸರಿಸಿದ್ದಾರೆ. ಸಹೀಹ್ ಮುಸ್ಲಿಮ್‌ನಲ್ಲಿ ಕಬೀಸ(ರ)ರು ವರದಿ ಮಾಡಿದ ಹದೀಸಿನ ಪ್ರಕಾರ ಕೈಚಾಚಲು ಅನುಮತಿಯಿರುವ ಮೂವರಲ್ಲಿ ವಿಪತ್ತಿನಿಂದ ಸೊತ್ತು ನಾಶವಾದವನೂ ಸೇರಿದ್ದಾನೆ. ಎಷ್ಟರವರೆಗೆ? ಜೀವನಕ್ಕೆ ಆಧಾರ ಸಿಗುವವರೆಗೆ. ಅಲ್ಲಿ ಶೇಕಡಾವಾರು ಮಿತಿಯಿಲ್ಲ, ಯಾವ ಕೊರೆತದಿಂದ ಹೋಯಿತೆಂಬ ಪ್ರಶ್ನೆಯೂ ಇಲ್ಲ.

ಅಶ್ಅರೀ ಗೋತ್ರದವರು ಆಹಾರ ಕಡಿಮೆಯಾದಾಗ ಇದ್ದುದೆಲ್ಲವನ್ನೂ ಒಂದೇ ಬಟ್ಟೆಯಲ್ಲಿ ಸುರಿದು ಸಮನಾಗಿ ಹಂಚಿಕೊಳ್ಳುತ್ತಿದ್ದರು. ಅವರು ನನ್ನವರು, ನಾನು ಅವರವನು ಎಂದು ಪ್ರವಾದಿವರ್ಯರು(ಸ) ಅವರನ್ನು ಮೆಚ್ಚಿದರು. ನಮ್ಮ ಜಮಾಅತ್‌ಗಳಲ್ಲಿ ರಮಝಾನಿನ ಝಕಾತ್ ಹಲವೆಡೆ ನೂರು ಇನ್ನೂರರ ನೋಟುಗಳಾಗಿ ಬಾಗಿಲಿಂದ ಬಾಗಿಲಿಗೆ ಹಂಚಿಹೋಗುತ್ತದೆ. ಜುಲೈಯಲ್ಲಿ ಮನೆ ಬಿದ್ದಾಗ ಕಮಿಟಿಯ ಪೆಟ್ಟಿಗೆ ಖಾಲಿ. ವಾಟ್ಸಪ್ಪಿನಲ್ಲಿ ಸಂತ್ರಸ್ತನ ಫೋಟೋ ಹಾಕಿ ಸಂಗ್ರಹ ಆರಂಭವಾಗುತ್ತದೆ. ಕಡಲತಡಿಯಲ್ಲಿ ಎಷ್ಟು ಮನೆಗಳಿವೆ, ಬರೆಯ ಕೆಳಗೆ ಎಷ್ಟು, ಅವುಗಳಲ್ಲಿ ಬಾಡಿಗೆಯವು ಎಷ್ಟು, ಯಾರ ಮೇಲೆ ಸಾಲವಿದೆ ಎಂಬ ಪಟ್ಟಿಯನ್ನು ಮೇ ತಿಂಗಳಿನೊಳಗೆ ಸಿದ್ಧಪಡಿಸಲು ಒಂದು ಮಸೀದಿ ಕಮಿಟಿಗೆ ಎರಡು ಶುಕ್ರವಾರಗಳು ಸಾಕು.